ಲಿಸ್ಪ್‌ನಲ್ಲಿ ಸಿಂಬಲ್ ಮತ್ತು ಅದರ ಮೌಲ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ತೊಡಗಿದವರು ಆವರಣ ಚಿಹ್ನೆಗಳಿಗೆ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತಾರೆ. ಆದರೆ ಸಿಂಬಲ್ ಯಾವುದು, ಅದರ ಮೌಲ್ಯ ಯಾವುದು ಎಂಬ ಗೊಂದಲ ಬಹಳ ಕಾಲ ಉಳಿಯುತ್ತದೆ ಮತ್ತು ಕೋಟ್, ಮ್ಯಾಕ್ರೋ, ಪ್ಯಾಕೇಜ್ ಹೀಗೆ ಬೇರೆ ಬೇರೆ ವೇಷಗಳಲ್ಲಿ ಮರಳಿ ಬರುತ್ತಿರುತ್ತದೆ. ಇಲ್ಲಿನ ಉತ್ತರಗಳು ಮುಖ್ಯವಾಗಿ ಲಿಸ್ಪ್‌ನ ಪ್ರಭೇದಗಳಲ್ಲಿ ಒಂದಾದ ಕಾಮನ್ ಲಿಸ್ಪ್ ಕುರಿತಾದವು. ಅದೇ ಕುಟುಂಬದ ಈಮ್ಯಾಕ್ಸ್ ಲಿಸ್ಪ್ (ಈಮ್ಯಾಕ್ಸ್ ಎಡಿಟರ್‌ನದು), ಸ್ಕೀಮ್ ಮತ್ತು ಕ್ಲೋಜರ್ ಭಾಷೆಗಳು ಬೇರೆ ರೀತಿ ನಡೆದುಕೊಳ್ಳುವ ಕಡೆಗಳಲ್ಲಿ ಅದನ್ನು ಹೇಳಿದೆ.

ಕೋಡ್ ಕೂಡ ಇಲ್ಲಿ ಕನ್ನಡ ಲಿಪಿಯಲ್ಲೇ ಇದೆ. ಯೂನಿಕೋಡ್ ಬಲ್ಲ ಲಿಸ್ಪ್‌ಗಳು ಕನ್ನಡದ ವೇರಿಯಬಲ್ ಹೆಸರುಗಳನ್ನು ಒಪ್ಪುತ್ತವೆ. ಆದರೆ ಸೆಟ್‌ಕ್ಯೂ, ಲೆಟ್, ಡಿಫನ್ ಮುಂತಾಗಿ ಭಾಷೆಯೇ ಕೊಟ್ಟಿರುವ ಹೆಸರುಗಳನ್ನು ಯಂತ್ರಕ್ಕೆ ಕೊಡುವಾಗ ಲ್ಯಾಟಿನ್ ಲಿಪಿಯಲ್ಲೇ ಟೈಪ್ ಮಾಡಬೇಕು. ⇒ ಗುರುತಿನ ನಂತರ ಇರುವುದು ಲಿಸ್ಪ್ ಕೊಡುವ ಉತ್ತರ.

## ಮೊದಲ ಹೆಜ್ಜೆಗಳು

ಸಿಂಬಲ್ ಅಂದರೆ ವೇರಿಯಬಲ್‌ಗೆ ಲಿಸ್ಪ್‌ನವರು ಇಟ್ಟುಕೊಂಡ ಇನ್ನೊಂದು ಹೆಸರೇ ಅಲ್ಲವೇ?

ಅಲ್ಲ. ಸಂಖ್ಯೆ, ಸ್ಟ್ರಿಂಗ್, ಲಿಸ್ಟ್‌ಗಳಂತೆ ಸಿಂಬಲ್ ಕೂಡ ಒಂದು ದತ್ತಾಂಶ. ಅದನ್ನು ಲಿಸ್ಟ್‌ನಲ್ಲಿ ಇಡಬಹುದು, ಫಂಕ್ಷನ್‌ಗೆ ಕಳುಹಿಸಬಹುದು, ಇನ್ನೊಂದು ಸಿಂಬಲ್‌ನೊಂದಿಗೆ ಹೋಲಿಸಬಹುದು. ವೇರಿಯಬಲ್ ಒಂದಕ್ಕೆ ಹೆಸರಾಗುವುದು ಸಿಂಬಲ್ ಮಾಡುವ ಹಲವು ಕೆಲಸಗಳಲ್ಲಿ ಒಂದು ಮಾತ್ರ. ಬಹುತೇಕ ಭಾಷೆಗಳಲ್ಲಿ ವೇರಿಯಬಲ್‌ನ ಹೆಸರು ಬರೆದವರಿಗೂ ಕಂಪೈಲರ್‌ಗೂ ಸಂಬಂಧಿಸಿದ್ದು. ಪ್ರೋಗ್ರಾಮ್ ಓಡುವಾಗ ಅದನ್ನು ಕೈಗೆತ್ತಿಕೊಂಡು ಏನನ್ನೂ ಮಾಡಲಾಗುವುದಿಲ್ಲ. ಲಿಸ್ಪ್‌ನಲ್ಲಿ ಆ ಹೆಸರೇ ಒಂದು ವಸ್ತುವಾಗಿ ಕೈಗೆ ಸಿಗುತ್ತದೆ.

ಇದು ಭಾಷೆಗೆ ಆಮೇಲೆ ಸೇರಿದ ಅಲಂಕಾರವಲ್ಲ. ಜಾನ್ ಮೆಕಾರ್ಥಿ 1958ರಲ್ಲಿ ಲಿಸ್ಪ್‌ನ ವಿನ್ಯಾಸಕ್ಕೆ ಕೈ ಹಾಕಿದಾಗ ಅವರ ಮುಂದಿದ್ದ ಸಮಸ್ಯೆಗಳಲ್ಲಿ ಒಂದು, ಬೀಜಗಣಿತದ ಉಕ್ತಿಗಳ ಡಿಫರೆನ್ಶಿಯೇಶನ್ ಅನ್ನು ಯಂತ್ರದಿಂದ ಮಾಡಿಸುವುದು. ಅಲ್ಲಿ (+ ಎಕ್ಸ್ (* 3 ಎಕ್ಸ್)) ಎಂಬ ಉಕ್ತಿಯಲ್ಲಿರುವ ಎಕ್ಸ್‌ಗೆ ಯಾವ ಮೌಲ್ಯವೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಇಲ್ಲಿರುವ ಎಕ್ಸ್ ಮತ್ತು ಅಲ್ಲಿರುವ ಎಕ್ಸ್ ಒಂದೇ ಎಂದು ಗುರುತಿಸಲಾದರೆ ಸಾಕು. ಮೌಲ್ಯವೇ ಇಲ್ಲದೆ ಸಾರ್ಥಕವಾಗಿ ಬಾಳಬಲ್ಲ ಹೆಸರು ಎಂಬ ಈ ಕಲ್ಪನೆ ಮನಸ್ಸಿನಲ್ಲಿ ಗಟ್ಟಿಯಾದರೆ ಮುಂದಿನದೆಲ್ಲ ಸಲೀಸು.

ಹಾಗಾದರೆ ಸಿಂಬಲ್‌ಗೂ ಸ್ಟ್ರಿಂಗ್‌ಗೂ ಏನು ವ್ಯತ್ಯಾಸ? ಎರಡೂ ಅಕ್ಷರಗಳೇ ತಾನೇ?

ಸ್ಟ್ರಿಂಗ್ ಎಂದರೆ ಅಕ್ಷರಗಳ ಸಾಲು. ಸಿಂಬಲ್‌ಗೆ ಅಕ್ಷರಗಳ ಸಾಲೊಂದು ಹೆಸರಾಗಿರುತ್ತದೆ, ಆದರೆ ಸಿಂಬಲ್ ಎಂದರೆ ಆ ಸಾಲಲ್ಲ. ಒಂದೇ ಅಕ್ಷರಗಳಿರುವ ಎರಡು ಸ್ಟ್ರಿಂಗ್‌ಗಳು ಮೆಮೊರಿಯಲ್ಲಿ ಎರಡು ಬೇರೆ ವಸ್ತುಗಳಾಗಿರಬಹುದು. ಸಿಂಬಲ್‌ನ ವಿಷಯದಲ್ಲಿ ಲಿಸ್ಪ್‌ನ ರೀಡರ್ ಒಂದು ಹೆಸರನ್ನು ಮೊದಲ ಬಾರಿ ಕಂಡಾಗ ಹೊಸ ಸಿಂಬಲ್ ಸೃಷ್ಟಿಸಿ ಪಟ್ಟಿಯಲ್ಲಿ ದಾಖಲಿಸುತ್ತದೆ, ಅದೇ ಹೆಸರು ಮತ್ತೆ ಬಂದಾಗಲೆಲ್ಲ ಆ ಹಳೆಯ ಸಿಂಬಲ್ಲನ್ನೇ ತಂದುಕೊಡುತ್ತದೆ. ಇದಕ್ಕೆ ಇಂಟರ್ನ್ ಮಾಡುವುದು ಎನ್ನುತ್ತಾರೆ.

```
(ಈಕ್ಯೂ 'ಎತ್ತರ 'ಎತ್ತರ)   ⇒ ಟಿ
```

ಈಕ್ಯೂ ಎಂಬುದು ಎರಡೂ ಒಂದೇ ವಸ್ತುವೇ ಎಂದು ನೋಡುತ್ತದೆ, ಟಿ ಎಂದರೆ ಹೌದು. ಹೀಗಾಗಿ ಎರಡು ಸಿಂಬಲ್‌ಗಳು ಒಂದೇ ಎಂದು ತಿಳಿಯಲು ಅಕ್ಷರಗಳನ್ನು ಒಂದೊಂದಾಗಿ ಹೋಲಿಸಬೇಕಿಲ್ಲ. ಎರಡೂ ಒಂದೇ ವಿಳಾಸವೇ ಎಂದು ನೋಡಿದರೆ ಮುಗಿಯಿತು. ಕಾಮನ್ ಲಿಸ್ಪ್ ಬಳಸುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಎಂದರೆ, ಅದರ ರೀಡರ್ ಲ್ಯಾಟಿನ್ ಸಣ್ಣಕ್ಷರಗಳನ್ನು ಸಾಮಾನ್ಯವಾಗಿ ದೊಡ್ಡಕ್ಷರಗಳಿಗೆ ಬದಲಿಸಿಯೇ ಹೆಸರನ್ನು ದಾಖಲಿಸುತ್ತದೆ. ಸ್ಟ್ರಿಂಗ್‌ಗೆ ಹಾಗೇನೂ ಮಾಡುವುದಿಲ್ಲ.

ಬರೀ ಎತ್ತರ ಅಂತ ಟೈಪ್ ಮಾಡಿದರೆ ಎರರ್, ಮುಂದೆ ಒಂದು ಕೋಟ್ ಹಾಕಿದರೆ ಎರರ್ ಇಲ್ಲ. ಆ ಒಂದು ಗುರುತು ಮಾಡುವುದಾದರೂ ಏನು?

ನೀವು ಟೈಪ್ ಮಾಡಿದ್ದು ಎರಡು ಹಂತಗಳನ್ನು ದಾಟುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕು. ಮೊದಲನೆಯದು ಓದು: ರೀಡರ್ ಅಕ್ಷರಗಳನ್ನು ತೆಗೆದುಕೊಂಡು ಸಿಂಬಲ್ ಅಥವಾ ಲಿಸ್ಟ್ ಅನ್ನು ಕಟ್ಟುತ್ತದೆ. ಎರಡನೆಯದು ಮೌಲ್ಯಮಾಪನ: ಇವ್ಯಾಲ್ ಆ ವಸ್ತುವನ್ನು ತೆಗೆದುಕೊಂಡು ಅದರ ಮೌಲ್ಯವನ್ನು ಹುಡುಕುತ್ತದೆ. ಎತ್ತರ ಎಂದು ಟೈಪ್ ಮಾಡಿದಾಗ ಓದು ಯಶಸ್ವಿಯಾಗಿಯೇ ಮುಗಿಯುತ್ತದೆ, ಸಿಂಬಲ್ ಸಿದ್ಧವಾಗುತ್ತದೆ. ಇವ್ಯಾಲ್‌ನ ನಿಯಮದ ಪ್ರಕಾರ ಬರಿಯ ಸಿಂಬಲ್ ಬಂದರೆ ಆ ಹೆಸರಿನ ವೇರಿಯಬಲ್‌ನ ಮೌಲ್ಯವನ್ನು ಕೊಡಬೇಕು. ಅಂಥ ಮೌಲ್ಯವಿಲ್ಲದ ಕಾರಣ ಎರರ್ ಬರುತ್ತದೆ.

'ಎತ್ತರ ಎಂದು ಟೈಪ್ ಮಾಡಿದರೆ ರೀಡರ್ ಕಟ್ಟುವುದೇ ಬೇರೆ ವಸ್ತು: (ಕೋಟ್ ಎತ್ತರ) ಎಂಬ ಎರಡು ಅಂಶಗಳ ಲಿಸ್ಟ್. ಕೋಟ್ ಎಂಬ ವಿಶೇಷ ರೂಪಕ್ಕೆ ಇರುವ ನಿಯಮ ಒಂದೇ, ತನ್ನೊಳಗಿರುವುದನ್ನು ಮುಟ್ಟದೆ ಹಾಗೆಯೇ ಹಿಂದಿರುಗಿಸುವುದು. ಆದ್ದರಿಂದ ಉತ್ತರವಾಗಿ ಸಿಂಬಲ್ಲೇ ಬರುತ್ತದೆ. ಇದನ್ನು ಕಣ್ಣಾರೆ ಕಾಣಬೇಕಾದರೆ ಎರಡು ಕೋಟ್ ಹಾಕಿ ನೋಡಿ:

```
'ಎತ್ತರ          ⇒ ಎತ್ತರ
(ಕಾರ್ ''ಎತ್ತರ)   ⇒ ಕೋಟ್
```

ಕಾರ್ ಎಂಬುದು ಲಿಸ್ಟ್‌ನ ಮೊದಲ ಅಂಶವನ್ನು ಕೊಡುವ ಫಂಕ್ಷನ್. ಎರಡನೆಯ ಸಾಲಿನಲ್ಲಿ ಹೊರಗಿನ ಕೋಟ್ ಮೌಲ್ಯಮಾಪನದಲ್ಲಿ ಕಳಚಿಹೋಗಿ (ಕೋಟ್ ಎತ್ತರ) ಎಂಬ ಲಿಸ್ಟ್ ಉಳಿಯಿತು, ಅದರ ಮೊದಲ ಅಂಶವೇ ಕೋಟ್ ಎಂಬ ಸಿಂಬಲ್. ಪ್ರತಿ ಮೌಲ್ಯಮಾಪನವೂ ಒಂದು ಪದರ ಕೋಟ್ ಅನ್ನು ಮಾತ್ರ ತೆಗೆಯುತ್ತದೆ. ಕೋಡ್ ಓದುವಾಗ «ಈ ಜಾಗವನ್ನು ಯಾರು ಮೌಲ್ಯಮಾಪನ ಮಾಡುತ್ತಾರೆ, ಎಷ್ಟು ಬಾರಿ?» ಎಂದು ಕೇಳಿಕೊಳ್ಳುವ ಅಭ್ಯಾಸವಿದ್ದರೆ ಈ ಪುಟದ ಅರ್ಧದಷ್ಟು ಪ್ರಶ್ನೆಗಳಿಗೆ ನೀವೇ ಉತ್ತರ ಕಂಡುಕೊಳ್ಳುತ್ತೀರಿ.

ಸಂಖ್ಯೆಗೂ ಸ್ಟ್ರಿಂಗ್‌ಗೂ ಕೋಟ್ ಯಾಕೆ ಬೇಡ?

ಅವು ತಮಗೆ ತಾವೇ ಮೌಲ್ಯ. 42 ಅನ್ನು ಮೌಲ್ಯಮಾಪನ ಮಾಡಿದರೆ 42 ಸಿಗುತ್ತದೆ. ಕೆಲವು ಸಿಂಬಲ್‌ಗಳೂ ಹೀಗೆಯೇ: ನಿಲ್ (ಸುಳ್ಳು, ಖಾಲಿ ಲಿಸ್ಟ್ ಕೂಡ), ಟಿ (ನಿಜ), ಮತ್ತು :ಕೆಂಪು ಎಂಬಂತೆ ಮುಂದೆ ಕೋಲನ್ ಇರುವ ಎಲ್ಲ ಕೀವರ್ಡ್‌ಗಳು. ಇವುಗಳ ಮೌಲ್ಯ ಇವೇ ಆಗಿರುತ್ತವೆ, ಅದನ್ನು ಬದಲಿಸಲು ಭಾಷೆ ಬಿಡುವುದಿಲ್ಲ. ಬರಿಯ ಗುರುತುಪಟ್ಟಿಯಾಗಿ ಮಾತ್ರ ಬೇಕಾದ ಹೆಸರುಗಳಿಗೆ ಕೀವರ್ಡ್ ಬಳಸುವುದು ಒಳ್ಳೆಯ ರೂಢಿ. ಕೋಟ್ ಮರೆಯುವ ಭಯವಾದರೂ ತಪ್ಪುತ್ತದೆ.

'(1 2 ಎತ್ತರ) ಅಂತ ಬರೆದೆ. ಎತ್ತರದ ಮೌಲ್ಯ 170 ಲಿಸ್ಟ್ ಒಳಗೆ ಯಾಕೆ ಬರಲಿಲ್ಲ?

ಕೋಟ್ ತನ್ನೊಳಗಿನ ಯಾವ ಆಳದಲ್ಲಿಯೂ ಮೌಲ್ಯಮಾಪನ ನಡೆಯಲು ಬಿಡುವುದಿಲ್ಲ. ಆ ಲಿಸ್ಟ್‌ನ ಮೂರನೆಯ ಅಂಶ ಎತ್ತರ ಎಂಬ ಸಿಂಬಲ್, ಅಷ್ಟೇ. ಮೌಲ್ಯ ಬೇಕಿದ್ದರೆ ಲಿಸ್ಟ್ ಫಂಕ್ಷನ್ ಬಳಸಬೇಕು, ಅಥವಾ ಬ್ಯಾಕ್‌ಕೋಟ್ ಹಾಕಿ ಬೇಕಾದ ಜಾಗದಲ್ಲಿ ಮಾತ್ರ ಕಾಮಾದಿಂದ ಮೌಲ್ಯಮಾಪನವನ್ನು ಒಳಗೆ ಬಿಟ್ಟುಕೊಳ್ಳಬೇಕು:

```
(ಲಿಸ್ಟ್ 1 2 ಎತ್ತರ)   ⇒ (1 2 170)
`(1 2 ,ಎತ್ತರ)       ⇒ (1 2 170)
```

ಕೋಟ್‌ಗೂ ಲಿಸ್ಟ್ ಫಂಕ್ಷನ್‌ಗೂ ನಡುವೆ ಇನ್ನೊಂದು ಮುಖ್ಯ ವ್ಯತ್ಯಾಸವಿದೆ. ಲಿಸ್ಟ್ ಫಂಕ್ಷನ್ ಪ್ರತಿ ಬಾರಿ ಹೊಸ ಲಿಸ್ಟ್ ಕಟ್ಟುತ್ತದೆ. ಕೋಟ್ ಹಾಕಿದ ಲಿಸ್ಟ್ ನಿಮ್ಮ ಪ್ರೋಗ್ರಾಮ್‌ನ ಪಠ್ಯದ್ದೇ ಒಂದು ಭಾಗ, ಪ್ರತಿ ಬಾರಿ ಸಿಗುವುದು ಅದೊಂದೇ ಲಿಸ್ಟ್. ಅದನ್ನು ಸ್ಥಳದಲ್ಲೇ ತಿದ್ದಿದರೆ ಏನಾಗುತ್ತದೆ ಎಂಬುದಕ್ಕೆ ಕಾಮನ್ ಲಿಸ್ಪ್‌ನ ಮಾನಕ ಯಾವ ಭರವಸೆಯನ್ನೂ ಕೊಡುವುದಿಲ್ಲ. ಮುಂದೆ ತಿದ್ದಬೇಕಾಗುವ ಲಿಸ್ಟ್ ಅನ್ನು ಎಂದಿಗೂ ಕೋಟ್‌ನಿಂದ ಆರಂಭಿಸಬೇಡಿ.

## ಮೌಲ್ಯ ಎಲ್ಲಿರುತ್ತದೆ

ಸೆಟ್ ಬಳಸುವಾಗ ಕೋಟ್ ಬೇಕು, ಸೆಟ್‌ಕ್ಯೂ ಬಳಸುವಾಗ ಬೇಡ. ಯಾಕೆ ಹೀಗೆ?

ಸೆಟ್ ಒಂದು ಸಾಮಾನ್ಯ ಫಂಕ್ಷನ್. ಫಂಕ್ಷನ್‌ನ ಎಲ್ಲ ಆರ್ಗ್ಯುಮೆಂಟ್‌ಗಳೂ ಕರೆಗೆ ಮೊದಲು ಮೌಲ್ಯಮಾಪನಗೊಳ್ಳುತ್ತವೆ, ಆದ್ದರಿಂದ ಸಿಂಬಲ್ ಅನ್ನೇ ಕಳುಹಿಸಬೇಕಾದರೆ ಕೋಟ್ ಅನಿವಾರ್ಯ. ಸೆಟ್‌ಕ್ಯೂ ವಿಶೇಷ ರೂಪ. ಅದು ಮೊದಲ ಅಂಶವನ್ನು ಮೌಲ್ಯಮಾಪನ ಮಾಡದೆ ವೇರಿಯಬಲ್‌ನ ಹೆಸರೆಂದೇ ತೆಗೆದುಕೊಳ್ಳುತ್ತದೆ. ಇದಕ್ಕಿಂತಲೂ ದೊಡ್ಡ ವ್ಯತ್ಯಾಸವೆಂದರೆ ಸೆಟ್‌ಕ್ಯೂ ಲೆಟ್‌ನಿಂದ ಕಟ್ಟಿದ ಸ್ಥಳೀಯ ವೇರಿಯಬಲ್ಲನ್ನೂ ಬದಲಿಸಬಲ್ಲದು, ಸೆಟ್ ಕೇವಲ ಸಿಂಬಲ್‌ನ ಜಾಗತಿಕ ಅಥವಾ ಡೈನಮಿಕ್ (ತಾತ್ಕಾಲಿಕವಾಗಿ ಕಟ್ಟಿದ, ವಿವರ ಮುಂದೆ) ಮೌಲ್ಯವನ್ನು ಬದಲಿಸುತ್ತದೆ. ದಿನನಿತ್ಯದ ಕೋಡ್‌ನಲ್ಲಿ ಸೆಟ್ ಬೇಕಾಗುವುದು ಅಪರೂಪ. ಫೈಲ್‌ನಲ್ಲಿ ಜಾಗತಿಕ ವೇರಿಯಬಲ್ ಬೇಕಾದರೆ ಮೊದಲು ಡೆಫ್‌ವಾರ್ ಅಥವಾ ಡೆಫ್‌ಪ್ಯಾರಾಮೀಟರ್‌ನಿಂದ ಘೋಷಿಸಿ. ಈ ಪುಟದ ಉದಾಹರಣೆಗಳಲ್ಲಿ ಸೆಟ್‌ಕ್ಯೂ ನೇರವಾಗಿ ಬಂದಿರುವುದು ಪ್ರಾಂಪ್ಟ್‌ನಲ್ಲಿ ಪ್ರಯೋಗ ಮಾಡುವವರ ಅನುಕೂಲಕ್ಕೆ.

ಒಂದು ಸಿಂಬಲ್‌ನ ಮೌಲ್ಯ ಇನ್ನೊಂದು ಸಿಂಬಲ್ ಆಗಿರಬಹುದೇ? ಆಗ ಲಿಸ್ಪ್ ಕೊನೆಯವರೆಗೂ ಬೆನ್ನಟ್ಟಿ ಹೋಗುತ್ತದೆಯೇ?

ಆಗಿರಬಹುದು, ಬೆನ್ನಟ್ಟಿ ಹೋಗುವುದಿಲ್ಲ. ಈ ಎಂಟು ಸಾಲುಗಳನ್ನು ಪ್ರಾಂಪ್ಟ್‌ನಲ್ಲಿ ಒಂದೊಂದಾಗಿ ಕೊಟ್ಟು, ಪ್ರತಿ ಉತ್ತರವನ್ನೂ ಮೊದಲೇ ಊಹಿಸಿ, ನಂತರ ತಾಳೆ ನೋಡುವುದು ಈ ವಿಷಯಕ್ಕೆ ಇರುವ ಅತ್ಯುತ್ತಮ ಅಭ್ಯಾಸ:

```
(ಸೆಟ್‌ಕ್ಯೂ ಎತ್ತರ 170)
(ಸೆಟ್‌ಕ್ಯೂ ಗುರಿ 'ಎತ್ತರ)
ಗುರಿ                     ⇒ ಎತ್ತರ
(ಸಿಂಬಲ್-ವ್ಯಾಲ್ಯೂ 'ಗುರಿ)   ⇒ ಎತ್ತರ
(ಸಿಂಬಲ್-ವ್ಯಾಲ್ಯೂ ಗುರಿ)    ⇒ 170
(ಸೆಟ್ ಗುರಿ 180)
ಗುರಿ                     ⇒ ಎತ್ತರ
ಎತ್ತರ                    ⇒ 180
```

ಗುರಿ ಎಂಬುದನ್ನು ಒಮ್ಮೆ ಮೌಲ್ಯಮಾಪನ ಮಾಡಿದಾಗ ಸಿಕ್ಕಿದ್ದು ಎತ್ತರ ಎಂಬ ಸಿಂಬಲ್. ಕೆಲಸ ಅಲ್ಲಿಗೇ ಮುಗಿಯಿತು. ಐದನೆಯ ಸಾಲಿನಲ್ಲಿ ಎರಡು ಹೆಜ್ಜೆಗಳಿವೆ: ಫಂಕ್ಷನ್ ಕರೆಯ ನಿಯಮದಂತೆ ಗುರಿ ಮೊದಲು ಎತ್ತರ ಆಯಿತು, ನಂತರ ಸಿಂಬಲ್-ವ್ಯಾಲ್ಯೂ ಆ ಎತ್ತರದ ಮೌಲ್ಯವನ್ನು ತಂದಿತು. ಆರನೆಯ ಸಾಲಿನಲ್ಲಿ ಕೋಟ್ ಇಲ್ಲದ ಕಾರಣ ಸೆಟ್ ಬದಲಿಸಿದ್ದು ಗುರಿಯನ್ನಲ್ಲ, ಗುರಿ ತೋರಿಸುತ್ತಿದ್ದ ಎತ್ತರವನ್ನು.

ಒಂದು ವೇರಿಯಬಲ್‌ನ ಲಿಸ್ಟ್ ತಿದ್ದಿದರೆ ಇನ್ನೊಂದು ವೇರಿಯಬಲ್‌ನದೂ ಬದಲಾಯಿತು. ಎರಡು ಸಿಂಬಲ್‌ಗಳು ಹೇಗೋ ಅಂಟಿಕೊಂಡಿವೆಯೇ?

ಸಿಂಬಲ್‌ಗಳು ಅಂಟಿಕೊಂಡಿಲ್ಲ, ಎರಡೂ ಒಂದೇ ಮೌಲ್ಯವನ್ನು ತೋರಿಸುತ್ತಿವೆ. ವೇರಿಯಬಲ್ ಎಂದರೆ ಮೌಲ್ಯವನ್ನು ಒಳಗಿಟ್ಟುಕೊಂಡ ಪೆಟ್ಟಿಗೆ ಎಂದು ಕಲಿತು ಬಂದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ಏಕೆಂದರೆ ಒಂದು ವಸ್ತು ಎರಡು ಪೆಟ್ಟಿಗೆಗಳಲ್ಲಿ ಇರಲಾರದು. ಆ ಹೋಲಿಕೆಯನ್ನು ಲಿಸ್ಪ್‌ಗೆ ಬರುವಾಗ ಬಿಟ್ಟುಬರುವುದೇ ಲೇಸು.

```
(ಸೆಟ್‌ಕ್ಯೂ ಮೊದಲು (ಲಿಸ್ಟ್ 1 2 3))
(ಸೆಟ್‌ಕ್ಯೂ ನಂತರ ಮೊದಲು)
(ಸೆಟ್‌ಎಫ್ (ಕಾರ್ ನಂತರ) 99)
ಮೊದಲು   ⇒ (99 2 3)
(ಸೆಟ್‌ಕ್ಯೂ ನಂತರ 5)
ಮೊದಲು   ⇒ (99 2 3)
```

ಮೂರನೆಯ ಸಾಲು ಲಿಸ್ಟ್ ಎಂಬ ವಸ್ತುವನ್ನೇ ತಿದ್ದಿತು, ಆದ್ದರಿಂದ ಅದನ್ನು ತೋರಿಸುವ ಎಲ್ಲರಿಗೂ ಬದಲಾವಣೆ ಕಂಡಿತು. ಐದನೆಯ ಸಾಲು ವಸ್ತುವನ್ನು ಮುಟ್ಟಲಿಲ್ಲ, ನಂತರ ಎಂಬ ಹೆಸರನ್ನು ಬೇರೆಡೆಗೆ ತಿರುಗಿಸಿತು.

ಸಾರ್ಟ್ ಫಂಕ್ಷನ್ ಬಳಸುವವರು ಎಡವುವುದೂ ಇಲ್ಲಿಯೇ. ಪಟ್ಟಿ ಎಂಬ ವೇರಿಯಬಲ್ (3 1 2) ಎಂಬ ಲಿಸ್ಟ್‌ನ ಮೊದಲ ಕೋಶವನ್ನು ತೋರಿಸುತ್ತಿದೆ ಎನ್ನಿ. ಸಾರ್ಟ್ ಕೋಶಗಳ ಜೋಡಣೆಯನ್ನೇ ಬದಲಿಸಿ (1 2 3) ಎಂದು ಹಿಂದಿರುಗಿಸುತ್ತದೆ, ಆದರೆ ಪಟ್ಟಿ ಎಂಬ ಹೆಸರು ಇನ್ನೂ 3 ಇದ್ದ ಕೋಶವನ್ನೇ ಹಿಡಿದಿರುತ್ತದೆ, ಆ ಕೋಶ ಈಗ ಕೊನೆಯಲ್ಲಿದೆ. ಹಲವು ಇಂಪ್ಲಿಮೆಂಟೇಶನ್‌ಗಳಲ್ಲಿ ಪಟ್ಟಿ ಎಂದು ಕೇಳಿದರೆ (3) ಎಂದಷ್ಟೇ ಬರುತ್ತದೆ. ಉಳಿದ ಅಂಶಗಳು ಮಾಯವಾಗಿಲ್ಲ. ಹೆಸರು ತಪ್ಪು ಜಾಗದಿಂದ ನೋಡುತ್ತಿದೆ. (ಸೆಟ್‌ಕ್ಯೂ ಪಟ್ಟಿ (ಸಾರ್ಟ್ ಪಟ್ಟಿ #'<)) ಎಂದೇ ಬರೆಯಬೇಕು.

ಸಿಂಬಲ್‌ನ ಒಳಗೆ ನಿಜವಾಗಿ ಏನೇನಿದೆ?

ಕಾಮನ್ ಲಿಸ್ಪ್‌ನಲ್ಲಿ ಐದು ಸಂಗತಿಗಳು: ಹೆಸರು, ಮೌಲ್ಯ, ಫಂಕ್ಷನ್, ಪ್ರಾಪರ್ಟಿ ಲಿಸ್ಟ್ (ಗುರುತು ಮತ್ತು ಮಾಹಿತಿಯ ಜೋಡಿಗಳ ಪಟ್ಟಿ), ಮತ್ತು ತಾನು ಸೇರಿದ ಪ್ಯಾಕೇಜ್ (ರೀಡರ್ ಸಿಂಬಲ್ಲನ್ನು ದಾಖಲಿಸುವ ಪಟ್ಟಿ). ಒಂದೊಂದನ್ನೂ ಓದಲು ಸಿಂಬಲ್-ನೇಮ್, ಸಿಂಬಲ್-ವ್ಯಾಲ್ಯೂ, ಸಿಂಬಲ್-ಫಂಕ್ಷನ್, ಸಿಂಬಲ್-ಪ್ಲಿಸ್ಟ್, ಸಿಂಬಲ್-ಪ್ಯಾಕೇಜ್ ಎಂಬ ಫಂಕ್ಷನ್‌ಗಳಿವೆ. ಹೆಸರು ಇರಲೇಬೇಕು, ಉಳಿದವು ಖಾಲಿ ಇರಬಹುದು. 1960ರ ದಶಕದ ಆರಂಭದ ಲಿಸ್ಪ್‌ಗಳಲ್ಲಿ ಮೌಲ್ಯವೂ ಫಂಕ್ಷನ್ನೂ ಪ್ರಾಪರ್ಟಿ ಲಿಸ್ಟ್‌ನಲ್ಲೇ ಬೇರೆ ಬೇರೆ ಗುರುತುಗಳ ಅಡಿಯಲ್ಲಿ ಇರುತ್ತಿದ್ದವು. ಇಂದಿನ ಪ್ರತ್ಯೇಕ ಸ್ಥಾನಗಳು ಆ ವ್ಯವಸ್ಥೆಯಿಂದಲೇ ಬೆಳೆದು ಬಂದವು.

ಮೌಲ್ಯ ನಿಲ್ ಆಗಿರುವುದೂ ಮೌಲ್ಯವೇ ಇಲ್ಲದಿರುವುದೂ ಒಂದೇ ತಾನೇ?

ಬೇರೆ ಬೇರೆ. ನಿಲ್ ಒಂದು ನಿಜವಾದ ಮೌಲ್ಯ, ಅದನ್ನು ಕೇಳಿದರೆ ಎರರ್ ಬರುವುದಿಲ್ಲ. ಮೌಲ್ಯವಿದೆಯೇ ಎಂದು ಪರೀಕ್ಷಿಸಲು (ಬೌಂಡ್‌ಪಿ 'ಎತ್ತರ) ಎಂದು ಕೇಳಬೇಕು, ಕೋಟ್ ಮರೆತರೆ ಪರೀಕ್ಷೆಯೇ ಎರರ್ ಕೊಡುತ್ತದೆ. ಈಮ್ಯಾಕ್ಸ್‌ನಲ್ಲಿ ವೇರಿಯಬಲ್ ಆಗಿ ಸಿಂಬಲ್‌ನ ಮೌಲ್ಯ ಶೂನ್ಯವಾಗಿದೆ ಎಂಬ ಸಂದೇಶ ಬಂದರೆ ಅದರ ಅರ್ಥವೂ ನಿಲ್ ಎಂದಲ್ಲ, ಮೌಲ್ಯವನ್ನು ಎಂದೂ ಕೊಟ್ಟೇ ಇಲ್ಲ ಎಂದು. ಬಹುಪಾಲು ಸಂದರ್ಭಗಳಲ್ಲಿ ಅದಕ್ಕೆ ಕಾರಣ ಕಾಗುಣಿತದ ತಪ್ಪು, ಬಿಟ್ಟುಹೋದ ಕೋಟ್, ಅಥವಾ ಇನ್ನೂ ಲೋಡ್ ಆಗದ ಫೈಲ್.

## ಫಂಕ್ಷನ್‌ಗಳ ಹೆಸರು

ಲಿಸ್ಟ್ ಎಂಬ ಫಂಕ್ಷನ್ ಇರುವಾಗ ನಾನು ಲಿಸ್ಟ್ ಎಂದೇ ಪ್ಯಾರಾಮೀಟರ್‌ಗೆ ಹೆಸರಿಟ್ಟೆ. ಯಾಕೆ ಏನೂ ಕೆಡಲಿಲ್ಲ?

ಕಾಮನ್ ಲಿಸ್ಪ್ ಮತ್ತು ಈಮ್ಯಾಕ್ಸ್ ಲಿಸ್ಪ್‌ನಲ್ಲಿ ಒಂದು ಹೆಸರಿಗೆ ಫಂಕ್ಷನ್ ಆಗಿ ಒಂದು ಅರ್ಥ, ವೇರಿಯಬಲ್ ಆಗಿ ಇನ್ನೊಂದು ಅರ್ಥ ಇರಲು ಅವಕಾಶವಿದೆ. (ಲಿಸ್ಟ್ ಲಿಸ್ಟ್) ಎಂಬಲ್ಲಿ ಮೊದಲ ಸ್ಥಾನದ ಸಿಂಬಲ್‌ಗೆ ಫಂಕ್ಷನ್ ಅರ್ಥವನ್ನೂ ಎರಡನೆಯದಕ್ಕೆ ವೇರಿಯಬಲ್ ಅರ್ಥವನ್ನೂ ನೋಡಲಾಗುತ್ತದೆ. ಸ್ಕೀಮ್‌ನಲ್ಲಿ ಒಂದೇ ಅರ್ಥ, ಅಲ್ಲಿ ಹೀಗೆ ಹೆಸರಿಟ್ಟರೆ ಒಳಗೆ ಲಿಸ್ಟ್ ಫಂಕ್ಷನ್ ಮರೆಯಾಗುತ್ತದೆ. ಈ ಎರಡು ಬಗೆಗಳನ್ನು ಲಿಸ್ಪ್-2 ಮತ್ತು ಲಿಸ್ಪ್-1 ಎಂದು ಕರೆಯುತ್ತಾರೆ. ರಿಚರ್ಡ್ ಗೇಬ್ರಿಯಲ್ ಮತ್ತು ಕೆಂಟ್ ಪಿಟ್‌ಮನ್ 1988ರ ತಮ್ಮ ಪ್ರಬಂಧದಲ್ಲಿ ಎರಡರ ಸಾಧಕ ಬಾಧಕಗಳನ್ನು ವಿವರವಾಗಿ ತೂಗಿ ನೋಡಿದ್ದಾರೆ.

ಫನ್‌ಕಾಲ್‌ಗೆ 'ದ್ವಿಗುಣ ಕೊಟ್ಟರೂ ನಡೆಯುತ್ತದೆ, #'ದ್ವಿಗುಣ ಕೊಟ್ಟರೂ ನಡೆಯುತ್ತದೆ. ಯಾವುದನ್ನು ಬಳಸಬೇಕು?

ಫನ್‌ಕಾಲ್ ತನಗೆ ಕೊಟ್ಟ ಫಂಕ್ಷನ್ನನ್ನು ಕರೆಯುತ್ತದೆ. ಮೊದಲನೆಯದು ಸಿಂಬಲ್ಲನ್ನು ಕಳುಹಿಸುತ್ತದೆ, ಎರಡನೆಯದು ಆ ಗಳಿಗೆಯಲ್ಲಿ ಆ ಹೆಸರಿಗಿರುವ ಫಂಕ್ಷನ್ ವಸ್ತುವನ್ನು ಕಳುಹಿಸುತ್ತದೆ. ವ್ಯತ್ಯಾಸ ಗೋಚರಿಸುವುದು ಫಂಕ್ಷನ್ ಅನ್ನು ಮರುವ್ಯಾಖ್ಯಾನಿಸಿದಾಗ:

```
(ಡಿಫನ್ ದ್ವಿಗುಣ (ಎನ್) (* 2 ಎನ್))
(ಸೆಟ್‌ಕ್ಯೂ ವಸ್ತು #'ದ್ವಿಗುಣ)
(ಸೆಟ್‌ಕ್ಯೂ ಹೆಸರು 'ದ್ವಿಗುಣ)
(ಡಿಫನ್ ದ್ವಿಗುಣ (ಎನ್) (* 2.0 ಎನ್))
(ಫನ್‌ಕಾಲ್ ವಸ್ತು 4)    ⇒ 8
(ಫನ್‌ಕಾಲ್ ಹೆಸರು 4)   ⇒ 8.0
```

ವಸ್ತು ಎಂಬ ವೇರಿಯಬಲ್ ಹಳೆಯ ಫಂಕ್ಷನ್ನನ್ನೇ ಹಿಡಿದುಕೊಂಡಿದೆ. ಹೆಸರು ಎಂಬುದರಲ್ಲಿರುವ ಸಿಂಬಲ್ ಪ್ರತಿ ಕರೆಯಲ್ಲೂ ಹೊಸದಾಗಿ ಹುಡುಕಿಕೊಳ್ಳುತ್ತದೆ. ಸರ್ವರ್ ಒಂದನ್ನು ನಿಲ್ಲಿಸದೆ ಅದರ ಕೋಡ್ ತಿದ್ದುವವರಿಗೆ ಇದು ಸಣ್ಣ ಸಂಗತಿಯಲ್ಲ: ಕರೆಗಳ ಪಟ್ಟಿಯಲ್ಲಿ ಸಿಂಬಲ್ ಇಟ್ಟಿದ್ದರೆ ತಿದ್ದುಪಡಿ ಕೂಡಲೇ ಜಾರಿಗೆ ಬರುತ್ತದೆ, ಫಂಕ್ಷನ್ ವಸ್ತು ಇಟ್ಟಿದ್ದರೆ ಹಳೆಯದೇ ಓಡುತ್ತಿರುತ್ತದೆ.

ಹಾಗೆಂದು ಎಲ್ಲೆಡೆಯೂ ಸಿಂಬಲ್ ಬಳಸಲಾಗುವುದಿಲ್ಲ. ಫ್ಲೆಟ್ ಅಥವಾ ಲೇಬಲ್ಸ್‌ನಿಂದ ಕಟ್ಟಿದ ಸ್ಥಳೀಯ ಫಂಕ್ಷನ್ ಸಿಂಬಲ್‌ಗೆ ಕಾಣುವುದಿಲ್ಲ, ಅದಕ್ಕೆ ಜಾಗತಿಕ ಫಂಕ್ಷನ್ ಮಾತ್ರ ಗೊತ್ತು. ಸಾಮಾನ್ಯ ಕರೆಗಳಲ್ಲಿ #' ಬಳಸಿ, ಮರುವ್ಯಾಖ್ಯಾನ ತಾನಾಗಿ ಹರಿದು ಬರಬೇಕಾದ ಕಡೆ ಉದ್ದೇಶಪೂರ್ವಕವಾಗಿ ಸಿಂಬಲ್ ಬಳಸಿ ಎಂಬುದು ನನ್ನ ಸಲಹೆ.

ಈಮ್ಯಾಕ್ಸ್ ಲಿಸ್ಪ್‌ನಲ್ಲಿ ಮಾತ್ರ #'ದ್ವಿಗುಣ ಎಂಬುದರ ಮೌಲ್ಯವೂ ಸಿಂಬಲ್ಲೇ. ಅಲ್ಲಿ #' ಹಾಕುವುದರ ಲಾಭವೆಂದರೆ, ಇದು ಫಂಕ್ಷನ್‌ನ ಹೆಸರು ಎಂದು ಕಂಪೈಲರ್‌ಗೆ ತಿಳಿಯುತ್ತದೆ, ಅಂಥ ಫಂಕ್ಷನ್ ಇಲ್ಲದಿದ್ದರೆ ಎಚ್ಚರಿಸಲು ಅದಕ್ಕೆ ಸಾಧ್ಯವಾಗುತ್ತದೆ. ಹುಕ್‌ಗಳಿಗೆ (ಘಟನೆಯೊಂದು ನಡೆದಾಗ ಕರೆಯಬೇಕಾದ ಫಂಕ್ಷನ್‌ಗಳ ಪಟ್ಟಿಗಳಿಗೆ) ಲ್ಯಾಂಬ್ಡಾ, ಅಂದರೆ ಹೆಸರಿಲ್ಲದ ಫಂಕ್ಷನ್, ಸೇರಿಸುವ ಬದಲು ಹೆಸರಿರುವ ಫಂಕ್ಷನ್ ಸೇರಿಸಿ ಎನ್ನುವುದಕ್ಕೂ ಕಾರಣ ಇದೇ ಬಗೆಯದು: ಹೆಸರಿದ್ದರೆ ತೆಗೆದುಹಾಕುವುದೂ ತಿದ್ದುವುದೂ ಸುಲಭ.

## ಇನ್ನಷ್ಟು ಆಳಕ್ಕೆ

ಲೆಟ್ ಒಳಗೆ ವೇರಿಯಬಲ್‌ಗೆ 5 ಕೊಟ್ಟಿದ್ದೇನೆ. ಅಲ್ಲೇ ಸಿಂಬಲ್-ವ್ಯಾಲ್ಯೂ ಕೇಳಿದರೆ ಮೌಲ್ಯವೇ ಇಲ್ಲ ಎನ್ನುತ್ತದೆ. ಇದು ಬಗ್ ಅಲ್ಲವೇ?

ಬಗ್ ಅಲ್ಲ. ಸಿಂಬಲ್‌ಗೂ ಮೌಲ್ಯಕ್ಕೂ ಇರುವ ಸಂಬಂಧದಲ್ಲಿ ಇದೇ ಅತ್ಯಂತ ಮುಖ್ಯವಾದ, ಅತ್ಯಂತ ಕಡಿಮೆ ವಿವರಿಸಲ್ಪಡುವ ಸಂಗತಿ.

```
(ಲೆಟ್ ((ಅಳತೆ 5))
  (ಸಿಂಬಲ್-ವ್ಯಾಲ್ಯೂ 'ಅಳತೆ))   ⇒ ಎರರ್: ಅಳತೆಗೆ ಮೌಲ್ಯವಿಲ್ಲ

(ಡೆಫ್‌ವಾರ್ *ಅಳತೆ* 1)
(ಲೆಟ್ ((*ಅಳತೆ* 5))
  (ಸಿಂಬಲ್-ವ್ಯಾಲ್ಯೂ '*ಅಳತೆ*))   ⇒ 5
```

ಮೊದಲನೆಯ ಲೆಟ್ ಕಟ್ಟಿದ್ದು ಲೆಕ್ಸಿಕಲ್ ವೇರಿಯಬಲ್. ಅದು ಆ ಲೆಟ್‌ನ ಪಠ್ಯದೊಳಗೆ ಮಾತ್ರ ಅಸ್ತಿತ್ವದಲ್ಲಿರುತ್ತದೆ, ಸಿಂಬಲ್‌ನ ಮೌಲ್ಯದ ಸ್ಥಾನವನ್ನು ಮುಟ್ಟುವುದೇ ಇಲ್ಲ. ಕಂಪೈಲರ್ ಆ ಪಠ್ಯವನ್ನು ನೋಡುವಾಗ ಅಳತೆ ಎಂಬ ಹೆಸರನ್ನು ಯಾವ ಬೈಂಡಿಂಗ್‌ಗೆ ಸೇರಿದ್ದು ಎಂದು ಗುರುತಿಸಲು ಬಳಸುತ್ತದೆ. ಅದಾದ ಮೇಲೆ 5 ಯಾವುದೋ ರಿಜಿಸ್ಟರ್‌ನಲ್ಲೋ ಸ್ಟ್ಯಾಕ್‌ನಲ್ಲೋ ಇರುತ್ತದೆ, ಹೆಸರಿನ ಅಗತ್ಯ ಮುಗಿದಿರುತ್ತದೆ. ಸಿಂಬಲ್-ವ್ಯಾಲ್ಯೂ ಓಡುವ ಹೊತ್ತಿಗೆ ಆ ನಂಟು ಉಳಿದಿರುವುದಿಲ್ಲ. ಇವ್ಯಾಲ್, ಸೆಟ್, ಬೌಂಡ್‌ಪಿ ಮೂರಕ್ಕೂ ಇದೇ ಮಿತಿ ಅನ್ವಯಿಸುತ್ತದೆ.

ಎರಡನೆಯದರಲ್ಲಿ ಡೆಫ್‌ವಾರ್ ಆ ಹೆಸರನ್ನು ಸ್ಪೆಷಲ್ ಎಂದು ಘೋಷಿಸಿದೆ. ಅಂಥ ವೇರಿಯಬಲ್ಲನ್ನು ಲೆಟ್ ಕಟ್ಟಿದಾಗ ಸಿಂಬಲ್‌ನ ಮೌಲ್ಯವೇ ತಾತ್ಕಾಲಿಕವಾಗಿ 5 ಆಗುತ್ತದೆ, ಲೆಟ್‌ನಿಂದ ಕರೆಯಲ್ಪಟ್ಟ ಬೇರೆ ಫಂಕ್ಷನ್‌ಗಳಿಗೂ 5 ಎಂದೇ ಕಾಣುತ್ತದೆ, ಲೆಟ್ ಮುಗಿದಾಗ 1 ಮರಳಿ ಬರುತ್ತದೆ. ಹೆಸರಿನ ಎರಡೂ ಬದಿಗೆ ನಕ್ಷತ್ರ ಹಾಕುವ ರೂಢಿ ಈ ವ್ಯತ್ಯಾಸ ಓದುವವರ ಕಣ್ಣಿಗೆ ಬೀಳಲಿ ಎಂದೇ ಇರುವುದು. ನಕ್ಷತ್ರವಿಲ್ಲದ ಸಾಧಾರಣ ಹೆಸರೊಂದನ್ನು ಡೆಫ್‌ವಾರ್‌ಗೆ ಕೊಟ್ಟರೆ, ಆಮೇಲೆ ಆ ಹೆಸರಿನ ಪ್ರತಿ ಲೆಟ್ಟೂ ಪ್ರತಿ ಪ್ಯಾರಾಮೀಟರೂ ಸದ್ದಿಲ್ಲದೆ ಡೈನಮಿಕ್ ಆಗಿಬಿಡುತ್ತದೆ. ದಯವಿಟ್ಟು ಈ ರೂಢಿಯನ್ನು ಕಡೆಗಣಿಸಬೇಡಿ.

ಹಳೆಯ ಲಿಸ್ಪ್‌ಗಳ ಇಂಟರ್‌ಪ್ರಿಟರ್‌ಗಳಲ್ಲಿ ಡೈನಮಿಕ್ ಬೈಂಡಿಂಗ್ ಸಾಮಾನ್ಯವಾಗಿತ್ತು, ಆದ್ದರಿಂದ ಮೌಲ್ಯ ಎಂದರೆ ಸಿಂಬಲ್‌ಗೆ ಅಂಟಿದ್ದು ಎಂಬ ಮಾತು ಅಲ್ಲಿಗೆ ಒಪ್ಪುತ್ತಿತ್ತು. 1975ರಲ್ಲಿ ಸಸ್‌ಮನ್ ಮತ್ತು ಸ್ಟೀಲ್ ರೂಪಿಸಿದ ಸ್ಕೀಮ್ ಲೆಕ್ಸಿಕಲ್ ಬೈಂಡಿಂಗ್ ಅನ್ನು ತಳಹದಿಯಾಗಿಸಿತು, 1984ರ ಕಾಮನ್ ಲಿಸ್ಪ್ ಅದನ್ನೇ ಸಹಜ ನಿಯಮವಾಗಿ ಸ್ವೀಕರಿಸಿತು. ಈಮ್ಯಾಕ್ಸ್ ಲಿಸ್ಪ್‌ಗೆ ಅದು ಬಂದದ್ದು 2012ರ 24ನೇ ಆವೃತ್ತಿಯಲ್ಲಿ, ಫೈಲ್‌ನ ಮೊದಲ ಸಾಲಿನಲ್ಲಿ ಲೆಕ್ಸಿಕಲ್-ಬೈಂಡಿಂಗ್ ಎಂದು ಘೋಷಿಸಿದರೆ ಜಾರಿಗೆ ಬರುವಂತೆ.

ಕೇಸ್‌ನಲ್ಲಿ ('ಕೆಂಪು ...) ಅಂತ ಕೋಟ್ ಹಾಕಿದ್ದೇನೆ, ಸರಿಯಾಗಿ ಕೆಲಸ ಮಾಡುತ್ತಿದೆ. ಆದರೂ ತಪ್ಪು ಎನ್ನುತ್ತಾರಲ್ಲ?

ತಪ್ಪೇ, ಸದ್ಯಕ್ಕೆ ಅಡಗಿ ಕುಳಿತಿದೆ. ಮೌಲ್ಯವೊಂದನ್ನು ಕೀಗಳೊಂದಿಗೆ ಹೋಲಿಸಿ ಶಾಖೆ ಆರಿಸುವ ಕೇಸ್ ತನ್ನ ಕೀಗಳನ್ನು ಮೌಲ್ಯಮಾಪನ ಮಾಡುವುದಿಲ್ಲ, ಆದ್ದರಿಂದ ಕೋಟ್ ಬೇಕಿಲ್ಲ. ಕೋಟ್ ಹಾಕಿದರೆ ಕೀ (ಕೋಟ್ ಕೆಂಪು) ಎಂಬ ಲಿಸ್ಟ್ ಆಗುತ್ತದೆ, ಕೇಸ್ ಅದನ್ನು ಎರಡು ಕೀಗಳು ಎಂದು ಓದಿಕೊಳ್ಳುತ್ತದೆ: ಕೋಟ್ ಮತ್ತು ಕೆಂಪು. ಕೆಂಪು ಹೊಂದುವುದರಿಂದ ಎಲ್ಲವೂ ಸರಿಯಿರುವಂತೆ ಕಾಣುತ್ತದೆ. ಕೋಟ್ ಎಂಬ ಸಿಂಬಲ್ ಬಂದ ದಿನ ತಪ್ಪು ಶಾಖೆ ಓಡುತ್ತದೆ. ಇದೇ ಕಾರಣಕ್ಕೆ ನಿಲ್ ಅನ್ನು ಕೀ ಆಗಿ ಬಳಸುವಾಗ ((ನಿಲ್) ...) ಎಂದು ಆವರಣದೊಳಗೆ ಬರೆಯಬೇಕು, ಬರಿಯ ನಿಲ್ ಎಂದರೆ ಕೀಗಳೇ ಇಲ್ಲದ ಖಾಲಿ ಲಿಸ್ಟ್ ಎಂದಾಗುತ್ತದೆ.

ಮ್ಯಾಕ್ರೋ ಒಳಗೆ ನಾನು ಬಳಸಿದ ತಾತ್ಕಾಲಿಕ ಹೆಸರು ಕರೆದವರ ವೇರಿಯಬಲ್‌ಗೆ ಡಿಕ್ಕಿ ಹೊಡೆಯುತ್ತದೆ. ಪರಿಹಾರ ಏನು?

ಮ್ಯಾಕ್ರೋ ಎಂದರೆ ಕೋಡ್ ತೆಗೆದುಕೊಂಡು ಹೊಸ ಕೋಡ್ ಕಟ್ಟಿಕೊಡುವುದು. ಅದಕ್ಕೆ ಬರುವುದು ಮೌಲ್ಯಗಳಲ್ಲ, ಬರೆದ ರೂಪದಲ್ಲೇ ಇರುವ ಸಿಂಬಲ್‌ಗಳು ಮತ್ತು ಲಿಸ್ಟ್‌ಗಳು. ಎರಡು ವೇರಿಯಬಲ್‌ಗಳ ಮೌಲ್ಯ ಅದಲುಬದಲು ಮಾಡುವ ಈ ಮ್ಯಾಕ್ರೋ ನೋಡಿ:

```
(ಡೆಫ್‌ಮ್ಯಾಕ್ರೋ ಅದಲುಬದಲು (ಅ ಆ)
  `(ಲೆಟ್ ((ತಾತ್ಕಾಲಿಕ ,ಅ))
     (ಸೆಟ್‌ಕ್ಯೂ ,ಅ ,ಆ)
     (ಸೆಟ್‌ಕ್ಯೂ ,ಆ ತಾತ್ಕಾಲಿಕ)))
```

ಕರೆದವರ ವೇರಿಯಬಲ್‌ನ ಹೆಸರೂ ತಾತ್ಕಾಲಿಕ ಎಂದೇ ಇದ್ದರೆ, ಒಳಗಿನ ಲೆಟ್ ಅದನ್ನು ಮರೆಮಾಡುತ್ತದೆ. ಸೆಟ್‌ಕ್ಯೂಗಳೆರಡೂ ಒಳಗಿನ ಹೆಸರಿನ ಮೇಲೆಯೇ ಕೆಲಸ ಮಾಡಿ ಮುಗಿಸುತ್ತವೆ, ಹೊರಗೆ ಏನೂ ಬದಲಾಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಯಾರೂ ಟೈಪ್ ಮಾಡಲಾಗದ ಸಿಂಬಲ್ ಒಂದನ್ನು ಜೆನ್‌ಸಿಮ್‌ನಿಂದ ಸೃಷ್ಟಿಸುವುದೇ ಪರಿಹಾರ:

```
(ಡೆಫ್‌ಮ್ಯಾಕ್ರೋ ಅದಲುಬದಲು (ಅ ಆ)
  (ಲೆಟ್ ((ತಾ (ಜೆನ್‌ಸಿಮ್)))
    `(ಲೆಟ್ ((,ತಾ ,ಅ))
       (ಸೆಟ್‌ಕ್ಯೂ ,ಅ ,ಆ)
       (ಸೆಟ್‌ಕ್ಯೂ ,ಆ ,ತಾ))))
```

ಇಲ್ಲಿ ತಾ ಎಂಬ ಸಿಂಬಲ್ ವೇರಿಯಬಲ್‌ನ ಹೆಸರು, ಅದರ ಮೌಲ್ಯ ಜೆನ್‌ಸಿಮ್ ಕೊಟ್ಟ ಮತ್ತೊಂದು ಸಿಂಬಲ್. ವಿಸ್ತರಿಸಿದ ಕೋಡ್‌ಗೆ ಹೋಗುವುದು ಆ ಮತ್ತೊಂದು. ಕಾಮಾ ಮರೆತರೆ ತಾ ಎಂಬ ಸಾಧಾರಣ ಹೆಸರೇ ಹೋಗಿ, ಹಳೆಯ ದೋಷ ಹೊಸ ಹೆಸರಿನಲ್ಲಿ ಮರಳುತ್ತದೆ. ಜೆನ್‌ಸಿಮ್‌ನ ಸಿಂಬಲ್ ಯಾವ ಪ್ಯಾಕೇಜ್‌ಗೂ ಸೇರಿರುವುದಿಲ್ಲ, ಮುದ್ರಿಸಿದಾಗ ಮುಂದೆ #: ಎಂಬ ಗುರುತು ಕಾಣುತ್ತದೆ. ಕೆಲಸಕ್ಕೆ ಬೇಕಾದದ್ದು ಅದಲುಬದಲು ಮಾತ್ರವಾದರೆ ಕಾಮನ್ ಲಿಸ್ಪ್‌ನಲ್ಲಿ ರೊಟೇಟ್‌ಎಫ್ ಸಿದ್ಧವಾಗಿಯೇ ಇದೆ.

ಎರಡೂ ಸಿಂಬಲ್‌ಗಳನ್ನು ಮುದ್ರಿಸಿದರೆ ಒಂದೇ ಹೆಸರು. ಈಕ್ಯೂ ಮಾತ್ರ ನಿಲ್ ಎನ್ನುತ್ತದೆ. ಹೇಗೆ?

ಅವು ಬೇರೆ ಬೇರೆ ಪ್ಯಾಕೇಜ್‌ಗಳಿಗೆ ಸೇರಿರಬೇಕು, ಅಥವಾ ಒಂದು ಯಾವ ಪ್ಯಾಕೇಜ್‌ಗೂ ಸೇರದ್ದಾಗಿರಬೇಕು. ಒಂದು ಹೆಸರಿಗೆ ಒಂದೇ ಸಿಂಬಲ್ ಎಂಬ ನಿಯಮ ಒಂದು ಪ್ಯಾಕೇಜ್‌ನ ಒಳಗಿನ ಮಾತು. ಇಬ್ಬರ ಬಗ್ಗೆಯೂ ಸಿಂಬಲ್-ಪ್ಯಾಕೇಜ್ ಕೇಳಿದರೆ ಸತ್ಯ ಹೊರಬೀಳುತ್ತದೆ.

ಇದರಿಂದ ಹುಟ್ಟುವ ಇನ್ನೊಂದು ಕಿರಿಕಿರಿ ಪ್ರಾಂಪ್ಟ್‌ನಲ್ಲಿ ಕೆಲಸ ಮಾಡುವವರಿಗೆ ಪರಿಚಿತ. ಲೈಬ್ರರಿಯ ಫಂಕ್ಷನ್ನನ್ನು ಯೂಸ್-ಪ್ಯಾಕೇಜ್ ಮಾಡುವ (ಲೈಬ್ರರಿಯ ಹೆಸರುಗಳನ್ನು ನಿಮ್ಮ ಪ್ಯಾಕೇಜ್‌ಗೆ ತರಿಸಿಕೊಳ್ಳುವ) ಮೊದಲೇ ಹೆಸರಿಟ್ಟು ಕರೆದುಬಿಡುತ್ತೀರಿ. ಕರೆ ವಿಫಲವಾಗುತ್ತದೆ, ಆದರೆ ಓದು ವಿಫಲವಾಗಿಲ್ಲ: ಆ ಹೆಸರಿನ ಸಿಂಬಲ್ ನಿಮ್ಮ ಪ್ಯಾಕೇಜ್‌ನಲ್ಲಿ ಆಗಲೇ ಹುಟ್ಟಿಬಿಟ್ಟಿದೆ. ಈಗ ಯೂಸ್-ಪ್ಯಾಕೇಜ್ ಮಾಡಹೋದರೆ ಹೆಸರುಗಳ ಘರ್ಷಣೆ ಎಂಬ ಎರರ್ ಬರುತ್ತದೆ. ನಿಮ್ಮ ಪ್ಯಾಕೇಜ್‌ನಲ್ಲಿ ಹುಟ್ಟಿದ ಆ ಸಿಂಬಲ್ಲನ್ನು ಅನ್‌ಇಂಟರ್ನ್ ಮಾಡಿ ಮುಂದುವರಿಯಬಹುದು.

ಬಳಕೆದಾರರು ಟೈಪ್ ಮಾಡಿದ ಸ್ಟ್ರಿಂಗ್ ಅನ್ನೇ ವೇರಿಯಬಲ್ ಮಾಡಿಕೊಳ್ಳಬಹುದೇ?

ಇಂಟರ್ನ್ ಮಾಡಿ, ಸೆಟ್‌ನಿಂದ ಮೌಲ್ಯ ಕೊಡಬಹುದು. ಆದರೆ ಮಾಡಬೇಡಿ ಎಂದೇ ಹೇಳುತ್ತೇನೆ. ಹೊರಗಿನಿಂದ ಬಂದ ಹೆಸರು ನಿಮ್ಮ ಪ್ರೋಗ್ರಾಮ್‌ನದೇ ಒಂದು ವೇರಿಯಬಲ್‌ನ ಹೆಸರಾಗಿದ್ದರೆ ಅದರ ಮೌಲ್ಯ ಅಳಿದುಹೋಗುತ್ತದೆ, ಮತ್ತು ಇಂಟರ್ನ್ ಆದ ಸಿಂಬಲ್‌ಗಳು ಪ್ಯಾಕೇಜ್‌ನಲ್ಲಿ ಉಳಿದುಕೊಂಡು ಮೆಮೊರಿ ತಿನ್ನುತ್ತಿರುತ್ತವೆ. ಸ್ಟ್ರಿಂಗ್‌ನಿಂದ ಮೌಲ್ಯಕ್ಕೆ ನಂಟು ಬೇಕಾದರೆ ಹ್ಯಾಶ್ ಟೇಬಲ್ ಬಳಸಿ, ಕಾಮನ್ ಲಿಸ್ಪ್‌ನಲ್ಲಿ ಅದರ ಪರೀಕ್ಷೆಯನ್ನು ಈಕ್ವಲ್ ಎಂದು ಕೊಡಲು ಮರೆಯಬೇಡಿ. ರೀಡ್ ಬಳಸಿ ಹೊರಗಿನ ಪಠ್ಯವನ್ನು ಓದುವುದು ಇನ್ನೂ ಅಪಾಯಕಾರಿ: #. ಎಂಬ ಗುರುತು ಬಂದರೆ ಕಾಮನ್ ಲಿಸ್ಪ್ ಓದುವ ಹಂತದಲ್ಲೇ ಅದರ ಮುಂದಿನ ಕೋಡ್ ಅನ್ನು ಮೌಲ್ಯಮಾಪನ ಮಾಡುತ್ತದೆ. *ರೀಡ್-ಇವ್ಯಾಲ್* ಅನ್ನು ನಿಲ್‌ಗೆ ಕಟ್ಟದೆ ಅಪರಿಚಿತ ಪಠ್ಯವನ್ನು ಎಂದೂ ಓದಿಸಬೇಡಿ.

ಇದೆಲ್ಲ ಕಲಿತು ಸ್ಕೀಮ್‌ಗೋ ಕ್ಲೋಜರ್‌ಗೋ ಹೋದರೆ ಎಷ್ಟು ಉಪಯೋಗಕ್ಕೆ ಬರುತ್ತದೆ?

ಓದು ಮತ್ತು ಮೌಲ್ಯಮಾಪನ ಬೇರೆ ಎಂಬುದು, ಕೋಟ್‌ನ ಅರ್ಥ, ಇವು ಎಲ್ಲೆಡೆಯೂ ಹಾಗೆಯೇ ಉಳಿಯುತ್ತವೆ. ಬದಲಾಗುವುದು ಮೌಲ್ಯದ ನೆಲೆ. ಸ್ಕೀಮ್‌ನ ಸಿಂಬಲ್‌ಗೆ ಹೆಸರನ್ನು ಬಿಟ್ಟು ಬೇರೇನೂ ಇಲ್ಲ. ಯಾವ ಹೆಸರಿಗೆ ಯಾವ ಮೌಲ್ಯ ಎಂಬುದನ್ನು ಎನ್ವಿರಾನ್‌ಮೆಂಟ್ ನೋಡಿಕೊಳ್ಳುತ್ತದೆ. ಅಲ್ಲಿ ಖಾಲಿ ಲಿಸ್ಟ್ ಸಿಂಬಲ್ ಅಲ್ಲ, ಸುಳ್ಳು ಎಂಬ ಮೌಲ್ಯವೂ ಅಲ್ಲ.

2007ರಲ್ಲಿ ರಿಚ್ ಹಿಕ್ಕಿ ಬಿಡುಗಡೆ ಮಾಡಿದ ಕ್ಲೋಜರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಿಂಬಲ್‌ಗಳನ್ನು ಇಂಟರ್ನ್ ಮಾಡುವುದನ್ನೂ ಬಿಟ್ಟಿತು. ಒಂದೇ ಹೆಸರಿನ ಎರಡು ಸಿಂಬಲ್‌ಗಳು ಅಲ್ಲಿ ಸಮ, ಆದರೆ ಒಂದೇ ವಸ್ತುವಾಗಿರಬೇಕಿಲ್ಲ. ಆ ಗುಣ ಉಳಿದಿರುವುದು ಕೀವರ್ಡ್‌ಗಳಿಗೆ. ಜಾಗತಿಕ ಮೌಲ್ಯಗಳನ್ನು ವಾರ್ ಎಂಬ ಪ್ರತ್ಯೇಕ ವಸ್ತುಗಳು ಹಿಡಿದಿರುತ್ತವೆ, ಸಿಂಬಲ್‌ನಿಂದ ವಾರ್‌ಗೆ ದಾರಿ ತೋರಿಸುವುದು ನೇಮ್‌ಸ್ಪೇಸ್. ಕ್ಲೋಜರ್‌ನ ಬ್ಯಾಕ್‌ಕೋಟ್ ತನ್ನೊಳಗಿನ ಸಿಂಬಲ್‌ಗಳಿಗೆ ನೇಮ್‌ಸ್ಪೇಸ್ ಅನ್ನು ತಾನೇ ಸೇರಿಸುತ್ತದೆ, ಹೆಸರಿನ ಕೊನೆಗೆ # ಹಾಕಿದರೆ ಜೆನ್‌ಸಿಮ್‌ನ ಕೆಲಸವನ್ನೂ ಮಾಡುತ್ತದೆ. ಕಾಮನ್ ಲಿಸ್ಪ್‌ನಿಂದ ಹೋಗುವವರು ವಿಶೇಷವಾಗಿ ನೆನಪಿಡಬೇಕಾದದ್ದು #' ಗುರುತನ್ನು: ಕ್ಲೋಜರ್‌ನಲ್ಲಿ ಅದು ಫಂಕ್ಷನ್ ವಸ್ತುವನ್ನು ಕೊಡುವುದಿಲ್ಲ, ವಾರ್ ಅನ್ನು ಕೊಡುತ್ತದೆ. ಆ ವಾರ್ ಅನ್ನು ಫಂಕ್ಷನ್‌ನಂತೆ ಕರೆಯಬಹುದು, ಮತ್ತು ಪ್ರತಿ ಕರೆಯಲ್ಲೂ ಅದು ಆಗಿನ ವ್ಯಾಖ್ಯಾನವನ್ನೇ ಬಳಸುತ್ತದೆ.